ಬೀರುವಿನೊಳಗಿನ ಬಿಯರು

ಮೂವತ್ತೊಂದು ವರ್ಷ ಇಂಗ್ಲೆಂಡಿನ ಕೀಥ್ಲಿ ಎಂಬ ಊರಿನ ಬಸ್ಸುಗಳಲ್ಲಿ ಟಿಕೆಟ್ ತನಿಖೆ ಮಾಡಿದವನು ನಾನು. ನಾನು ಯಾವ ಸ್ಟಾಪಿನಲ್ಲಿ ಹತ್ತುತ್ತೇನೆಂದು ಡ್ರೈವರಿಗೆ ಗೊತ್ತಿರುತ್ತಿರಲಿಲ್ಲ, ಒಮ್ಮೊಮ್ಮೆ ನನಗೂ ಗೊತ್ತಿರುತ್ತಿರಲಿಲ್ಲ. ಅಂಥವನಿಗೆ ಒಂದು ಶುಕ್ರವಾರ ಕೈಕುಲುಕಿ, ಗೋಡೆ ಗಡಿಯಾರವೊಂದನ್ನು ಕೊಟ್ಟು, ಇನ್ನು ಮನೆಯಲ್ಲಿ ಆರಾಮಾಗಿರಿ ಎಂದು ಕಳಿಸಿಬಿಟ್ಟರು. ನಿವೃತ್ತಿಯೇನೋ ಆಯಿತು, ಪ್ರವೃತ್ತಿ ಹೋಗಬೇಕಲ್ಲ? ಸೋಮವಾರದಿಂದಲೇ ಮನೆಯ ತನಿಖೆಗೆ ಇಳಿದೆ. ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಅದರಿಂದ ಕಸ್ಟರ್ಡ್ ಪುಡಿಯ ಪಕ್ಕಕ್ಕೆ ಪಾತ್ರೆ ತಿಕ್ಕುವ ಪುಡಿ ಬಂದು ನಿಂತಿತು. (ಆ ಭಾನುವಾರದ ಕಸ್ಟರ್ಡಿನ ವಿಷಯ ಇಲ್ಲಿ ಬೇಡ.)

ಮೂರನೆಯ ವಾರದ ಕೊನೆಗೆ ನನ್ನ ಹೆಂಡತಿ ಎನಿಡ್ ಆಲೂಗಡ್ಡೆ ಸುಲಿಯುತ್ತಿದ್ದವಳು ಚಾಕುವನ್ನು ಕೆಳಗಿಟ್ಟಳು. ಸಿಪ್ಪೆ ದಪ್ಪವಾಯಿತೆಂದು ನಾನು ಆಗತಾನೆ ತೋರಿಸಿಕೊಟ್ಟಿದ್ದೆ.

"ವಿಲ್ಫ್, ನಾನು ಬಸ್ಸಲ್ಲ."

"ಯಾರಂದ್ರು ಬಸ್ಸು ಅಂತ?"

"ಮತ್ಯಾಕೆ ಬೆಳಗಿಂದ ನನ್ನ ಹಿಂದೆಮುಂದೆ ಹತ್ತಿ ಇಳೀತಾ ಇದೀಯ? ಹೊರಗೆ ಹೋಗು. ಏನಾದ್ರೂ ಒಂದು ಕೆಲಸ ಹಚ್ಕೋ. ಏನು ಅಂತ ನನಗೆ ಹೇಳೋದೂ ಬೇಡ."

ಹೊರಗೆ ಹೋದೆ. ಪೇಟೆಬೀದಿಯಲ್ಲಿ ನಜ್ಜುಗುಜ್ಜಾದ ಡಬ್ಬಿಗಳನ್ನು ಅಗ್ಗಕ್ಕೆ ಮಾರುವ ಅಂಗಡಿಯೊಂದಿದೆ. ಅಲ್ಲಿಯ ಬುಟ್ಟಿಯೊಳಗೆ, ಬೆಲೆಯನ್ನು ಎರಡು ಸಲ ಹೊಡೆದುಹಾಕಿದ ಪೆಟ್ಟಿಗೆಯೊಂದು ನನ್ನನ್ನೇ ಕಾಯುತ್ತ ಕೂತಿತ್ತು. 'ಲಾಗರ್ ಬಿಯರ್. ನಿಮ್ಮ ಮನೆಯಲ್ಲೇ. ನಲವತ್ತು ಪಿಂಟ್.' ಒಳಗೆ ಕಪ್ಪು ಪಾಕ ತುಂಬಿದ ಒಂದು ತಗಡಿನ ಡಬ್ಬಿ, ಬೆರಳುದ್ದದ ಈಸ್ಟ್ ಪೊಟ್ಟಣ, ಒಂದು ಚೀಟಿ. ಚೀಟಿಯಲ್ಲಿ ಇದ್ದದ್ದು ಏಳೇ ವಾಕ್ಯ. ಏಳನೆಯದು ದಪ್ಪ ಅಕ್ಷರದಲ್ಲಿತ್ತು: 'ಮುಚ್ಚಳ ತೆರೆಯಬೇಡಿ.' ಆ ಮಾತು ಬೇರೆ ಜನಕ್ಕೆ ಹೇಳಿದ್ದೆಂದುಕೊಂಡೆ.

ಪೆಟ್ಟಿಗೆ ಹಿಡಿದು ಮನೆಗೆ ಬರುವಾಗ ಬೇಲಿಯಾಚೆ ಸೆಡ್ರಿಕ್ ಹೋಲ್ರಾಯ್ಡ್ ಕಂಡ. ನಮ್ಮ ತೋಟಗಾರರ ಸಂಘದ ಆಗಸ್ಟ್ ಪ್ರದರ್ಶನದಲ್ಲಿ ಒಂಬತ್ತು ವರ್ಷದಿಂದ ಈರುಳ್ಳಿ ಜಾತಿಯ ಲೀಕ್ ತರಕಾರಿಗೆ ಮೊದಲ ಬಹುಮಾನ ಹೊಡೆಯುತ್ತಿರುವವನು ಇವನೇ. ಅವನ ಲೀಕುಗಳು ನನ್ನ ಮೊಣಕೈಗಿಂತ ದಪ್ಪ, ಅವನ ಅಹಂಕಾರ ಅದಕ್ಕಿಂತಲೂ ದಪ್ಪ.

"ಏನೋ ಅದು, ಲಾಗರಾ?" ಎಂದ. "ಅದನ್ನ ಬಿಯರ್ ಅಂತಾರೇನೋ ಮಾರಾಯ? ಶರಬತ್ತು ಅದು. ಮೀಸೆ ಬರದ ಹುಡುಗ್ರು ಕುಡೀತಾರೆ."

"ಕುಡಿದ ಮೇಲೆ ಹೇಳು."

"ಸರಿ ಬಿಡು. ಈ ವರ್ಷ ಪ್ರದರ್ಶನದಲ್ಲಿ ಮನೆ ಬಿಯರಿಗೂ ಒಂದು ಸ್ಪರ್ಧೆ ಇಟ್ಟಿದಾರೆ. ಎರಡು ಬಾಟ್ಲಿ ತಂದಿಡು. ಮಧ್ಯಾಹ್ನ ಎಲ್ಲರಿಗೂ ಬೇಜಾರಾಗಿರತ್ತೆ, ನಗೋಕೆ ಏನಾದ್ರೂ ಬೇಕು."

ಮೂರು ವಾರದಿಂದ ಯಾರಿಗೂ ಬೇಡವಾಗಿದ್ದ ಮನುಷ್ಯ ನಾನು. ಆ ಮಾತು ನೇರ ಎದೆಗೆ ನಾಟಿತು. ಬೇಲಿಯ ಈ ಕಡೆ ನಿಂತು ಮನಸ್ಸಿನಲ್ಲೇ ಘೋರ ಪ್ರತಿಜ್ಞೆ ಕೈಗೊಂಡೆ.

ಮರುದಿನ ಅಡಿಗೆಮನೆಯಲ್ಲಿ ಮದ್ಯಮಹಾಯಾಗ ಆರಂಭವಾಯಿತು. ಕುದಿನೀರಿಗೆ ಪಾಕ ಸುರಿದು, ಸಕ್ಕರೆ ಸುರಿದು, ಎನಿಡಳ ಜಾಮ್ ಕಲಕುವ ಮರದ ಸೌಟಿನಿಂದ ಕಲಕಿ, ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನ ತುಂಬ ತಣ್ಣೀರು ಬೆರೆಸಿ, ಈಸ್ಟ್ ಉದುರಿಸಿದೆ. ಅಲ್ಲಿಯವರೆಗೆ ಎಲ್ಲವೂ ಚೀಟಿಯಲ್ಲಿ ಹೇಳಿದಂತೆಯೇ ನಡೆಯಿತು. ಇನ್ನು ಬಕೆಟ್ಟನ್ನು ಬೆಚ್ಚಗಿನ ಜಾಗದಲ್ಲಿ ಇಡಬೇಕಿತ್ತು. ನಮ್ಮ ಮನೆಯಲ್ಲಿ ಬೆಚ್ಚಗಿರುವುದು ಒಂದೇ ಒಂದು ಜಾಗ, ಮಹಡಿಯ ಮೇಲಿನ ಬೀರು. ಅದರೊಳಗೆ ಬಿಸಿನೀರಿನ ಹಂಡೆಯಿದೆ, ಹಂಡೆಯ ಸುತ್ತ ಎನಿಡಳ ಟವೆಲು, ಹಾಸು, ದಿಂಬಿನ ಚೀಲಗಳು ಬೆಚ್ಚಗೆ ಕೂತಿರುತ್ತವೆ. ಅವನ್ನು ಕೊಂಚ ಸರಿಸಿ ಬೀರುವಿನಲ್ಲಿ ಬಿಯರನ್ನು ಪ್ರತಿಷ್ಠಾಪಿಸಿದೆ.

ಎರಡನೆಯ ದಿನ ಬಕೆಟ್ಟಿನೊಳಗಿಂದ ಗುಳುಗುಳು ಸದ್ದು ಬರತೊಡಗಿತು. ಒಳಗೆ ಏನೋ ನಡೆಯುತ್ತಿದೆ, ತನಿಖಾಧಿಕಾರಿ ಹೊರಗಿದ್ದಾನೆ. ನೀವೇ ಹೇಳಿ, ಸುಮ್ಮನಿರಲು ಸಾಧ್ಯವೇ? ಮುಚ್ಚಳವನ್ನು ಒಂದು ಮೂಲೆಯಲ್ಲಿ, ಒಂದೇ ಒಂದು ಇಂಚು ಎತ್ತಿ ನೋಡಿದೆ. ನೊರೆ. ಕೆನ್ನೆಗೆ ಹಚ್ಚುವ ಶೇವಿಂಗ್ ಸೋಪಿನಂಥ ನೊರೆ. ಸಂತೋಷದಿಂದ ಕೆಳಗಿಳಿದು ಚಹಾ ಮಾಡಿಕೊಂಡೆ. ಚಹಾ ತಣ್ಣಗಾಗುವ ಮೊದಲೇ ಅನುಮಾನ ಬಂತು, ಈಗಲೂ ನೊರೆಯಿದೆಯೋ ಇಲ್ಲವೋ. ಮತ್ತೆ ಹತ್ತಿದೆ. ಇತ್ತು. ಸಂಜೆಯೊಳಗೆ ಹನ್ನೊಂದು ಸಲ ಹತ್ತಿ ಇಳಿದೆ.

"ಮತ್ತೆ ಎಲ್ಲಿಗೆ ಹೊರಟೆ?" ಎನಿಡ್ ಕೆಳಗಿನಿಂದ ಕೇಳಿದಳು.

"ಟವೆಲ್ ತಗೊಳೋಕೆ."

"ಬೆಳಗಿಂದ ಹನ್ನೊಂದು ಟವೆಲ್ ತಗೊಂಡಿದೀಯ. ಎಷ್ಟು ಒದ್ದೆ ಆಗಿದೀಯ ನೀನು?"

ಮೂರನೆಯ ದಿನ ಶಾಖ ಅಳೆಯಲು ಜಾಮಿನ ಥರ್ಮಾಮೀಟರ್ ಅದ್ದಿದೆ. ನಾಲ್ಕನೆಯ ದಿನ ರುಚಿ ತಿಳಿಯಲು ಚಹಾ ಕಪ್ಪು ಅದ್ದಿದೆ. ಕಪ್ಪು ಕೈಜಾರಿ ಒಳಗೆ ಬಿತ್ತು, ಹುಡುಕಲು ಮೊಣಕೈಯವರೆಗೆ ಕೈ ಅದ್ದಿದೆ. (ಕೈ ತೊಳೆದಿದ್ದೆ. ಆಮೇಲೆ.) ಆ ರಾದ್ಧಾಂತದಲ್ಲಿ ನೊರೆ ಕೊಂಚ ತಗ್ಗಿತು. ಚಳಿಯಾಗಿರಬೇಕೆಂದು ಎನಿಡಳ ಉಣ್ಣೆಯ ಕಾರ್ಡಿಗನ್ ತಂದು ಬಕೆಟ್ಟಿಗೆ ತೊಡಿಸಿ ಗುಂಡಿ ಹಾಕಿದೆ. ಅವಳು ಬಂದು ನೋಡಿದಳು. ಕಾರ್ಡಿಗನ್ನನ್ನು ನೋಡಿದಳು, ನನ್ನನ್ನು ನೋಡಿದಳು.

"ಆರು ವರ್ಷದಿಂದ ನನಗೆ ಸಂಧಿವಾತ," ಎಂದಳು. "ಒಂದು ದಿನ ನನಗೆ ಹೀಗೆ ಗುಂಡಿ ಹಾಕಿದೀಯಾ?"

"ನೀನು ಗುಳುಗುಳು ಅಂತಿಲ್ವಲ್ಲ ಕಣೇ."

"ಅನ್ಬೇಕಾಗತ್ತೆ. ಇಡೀ ಮಹಡಿ ಪಬ್ಬಿನ ಹಿತ್ತಲ ಥರ ನಾರ್ತಾ ಇದೆ. ನಿನ್ನೆ ಚರ್ಚಲ್ಲಿ ಪಾದ್ರಿ ನನ್ನ ಕರವಸ್ತ್ರದ ಕಡೆ ಎರಡು ಸಲ ನೋಡಿದ್ರು. ವಿಲ್ಫ್, ಅದು ಲಾಗರ್. ಲಗಾಮು ಬೇಕಾಗಿರೋದು ನಿನಗೆ. ಮುಚ್ಚಿಟ್ಟು ಸುಮ್ನೆ ಬಿಡು ಅದನ್ನ."

ಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಸೆಡ್ರಿಕ್ ಬೇಲಿಗೆ ಮೊಣಕೈಯೂರಿ, "ಲಾಗರನ್ನ ಬೆಚ್ಚಗಿಟ್ಟಿದೀಯಾ? ಅದು ಜರ್ಮನಿಯ ಗುಹೆಗಳಲ್ಲಿ ತಣ್ಣಗೆ ಮಲಗೋ ವಸ್ತು ಕಣೋ," ಎಂದುಬಿಟ್ಟ. ಚೀಟಿಯಲ್ಲಿ ಬೆಚ್ಚಗೆ ಎಂದಿದೆ, ಸೆಡ್ರಿಕ್ ತಣ್ಣಗೆ ಎನ್ನುತ್ತಾನೆ. ಬಕೆಟ್ಟನ್ನು ತಬ್ಬಿಕೊಂಡು ಮೆಟ್ಟಿಲಿಳಿದು ನೆಲಮಾಳಿಗೆಯಲ್ಲಿಟ್ಟೆ. ಗುಳುಗುಳು ನಿಂತಿತು. ಗಾಬರಿಯಾಗಿ ಮತ್ತೆ ಬೀರುವಿಗೆ ಹತ್ತಿಸಿದೆ. ಸದ್ದು ಬಂತು, ಆದರೆ ಜರ್ಮನಿಯ ಗುಹೆಗಳು ಮನಸ್ಸು ಬಿಟ್ಟು ಹೋಗಲಿಲ್ಲ. ಮತ್ತೆ ಇಳಿಸಿದೆ. ಆ ವಾರದಲ್ಲಿ ನನ್ನ ಬಿಯರು ನಮ್ಮೂರ ಬಸ್ಸುಗಳಿಗಿಂತ ಹೆಚ್ಚು ಪ್ರಯಾಣ ಮಾಡಿತು. ತಳಕ್ಕೆ ಇಳಿಯಬೇಕಾದ ಮಡ್ಡಿ ಇಳಿಯಲೇ ಇಲ್ಲ, ನನ್ನ ತಳಮಳವೂ ಇಳಿಯಲಿಲ್ಲ.

ಎನಿಡ್ ಜಗಳವಾಡುವುದನ್ನು ನಿಲ್ಲಿಸಿದಳು. ದಿನಾ ಸ್ವಲ್ಪ ಹೊತ್ತು ಪಕ್ಕದ ಮನೆಯ ಆಗ್ನೆಸ್ ಜೊತೆ ಹೆಣಿಗೆ ಹಾಕಲು ಹೋಗುತ್ತಿದ್ದಳು. ಆಗ್ನೆಸ್ ವಿಧವೆ, ಒಬ್ಬಳೇ ಇರುತ್ತಾಳೆ. ಹೋಗಲಿ ಪಾಪ ಎಂದುಕೊಂಡೆ. ನನಗೂ ಬಕೆಟ್ಟಿನ ಹತ್ತಿರ ಅಡ್ಡಿಯಿಲ್ಲದಂತಾಯಿತು.

ಎರಡು ವಾರಕ್ಕೆ ಬಾಟಲಿಗಳಿಗೆ ತುಂಬಿದೆ. ಸಂಘದ ಕಟ್ಟಡದ ಹಿಂದೆ ಪೆಟ್ಟಿಗೆಗಟ್ಟಲೆ ಬಿದ್ದಿರುವ ಕಂದು ಬಾಟಲಿಗಳು. ಪ್ರತಿಯೊಂದಕ್ಕೂ ಅರ್ಧ ಚಮಚ ಸಕ್ಕರೆ, ಮೇಲೆ ಬಿರಡೆ. ಇನ್ನು ಒಂದು ತಿಂಗಳು ಮುಟ್ಟಬಾರದು. ದಿನಕ್ಕೊಂದನ್ನು ತೆರೆದು, ಮೂಸಿ, ಮತ್ತೆ ಬಿರಡೆ ಒತ್ತಿದೆ. ಒಂದು ಸಂಜೆ ಎನಿಡಳಿಗೂ ಒಂದು ಗುಟುಕು ಕೊಟ್ಟೆ. ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಕಿಟಕಿಯಾಚೆ ನೋಡಿದಳು.

"ಹೇಗಿದೆ?"

"ಎಚ್ಚರ ಆಗತ್ತೆ," ಎಂದಳು.

ಚುರುಕು ಎಂಬ ಅರ್ಥದಲ್ಲಿ ಹೇಳಿದಳೆಂದು ತಿಳಿದೆ. ನನ್ನ ನಾಲಿಗೆಗೆ ಅದು ತಪ್ಪೆನಿಸಲಿಲ್ಲ. ದಿನಾ ಮೂಸಿ ಮೂಸಿ, ಹುಳಿಯೇ ಅದರ ಗುಣವೆಂದು ಮೂಗು ಒಪ್ಪಿಕೊಂಡಿತ್ತು.

ಆಗಸ್ಟ್ ಬಂತು. ಸಂಘದ ಡೇರೆಯೊಳಗೆ ಮೇಜಿನ ತುಂಬ ಗಡ್ಡೆ, ಹೂವು, ಜಾಮು. ಕೊನೆಯ ಮೇಜಿನ ಮೇಲೆ ಮನೆ ಬಿಯರಿನ ಬಾಟಲಿಗಳು, ಎಲ್ಲವೂ ಒಂದೇ ಥರದ ಕಂದು ಬಾಟಲಿ. ಯಾರದ್ದು ಯಾವುದೆಂದು ತೀರ್ಪುಗಾರರಿಗೆ ಗೊತ್ತಾಗಬಾರದೆಂದು ಬರೀ ನಂಬರ್ ಅಂಟಿಸಿ, ಹೆಸರಿನ ಕಾರ್ಡುಗಳನ್ನು ಬೋರಲು ಹಾಕಿದ್ದರು. ತೀರ್ಪುಗಾರ ಥ್ಯಾಕ್ರೆ ತೆಳ್ಳಗಿನ ಮುದುಕ, ಹಳೆಯ ಬ್ರೂವರಿಯೊಂದರಲ್ಲಿ ಜೀವ ತೇಯ್ದವನು. ನಾನು ಡೇರೆಯ ಸುತ್ತ ಏಳು ಪ್ರದಕ್ಷಿಣೆ ಹಾಕಿದ ಮೇಲೆ ಒಳಗೆ ಕರೆದರು. ಸೆಡ್ರಿಕ್ ಮುಂದೆಯೇ ನಿಂತಿದ್ದ, ನಗಲು ತಯಾರಾಗಿ.

ಥ್ಯಾಕ್ರೆ ಒಂದು ಗ್ಲಾಸನ್ನು ಬೆಳಕಿಗೆ ಹಿಡಿದು, "ಇಂಥದ್ದು ಮನೆ ಬಕೆಟ್ಟಿಂದ ಬರತ್ತೆ ಅಂತ ಯಾರಾದ್ರೂ ಹೇಳಿದ್ರೆ ನಾನು ನಂಬ್ತಿರ್ಲಿಲ್ಲ," ಎಂದ. "ಎಂಥ ತಿಳಿ, ಎಂಥ ನೊರೆ. ಮೊದಲ ಬಹುಮಾನ." ಕಾರ್ಡು ತಿರುಗಿಸಿ ಕನ್ನಡಕ ಹುಡುಕುತ್ತ, "ಮರ್ಗಟ್ರಾಯ್ಡ್," ಎಂದು ಓದಿದ.

ಮರ್ಗಟ್ರಾಯ್ಡ್ ಎಂದರೆ ನಾನೇ. ಸೆಡ್ರಿಕನ ಬಾಯಿ ತೆರೆದೇ ಇತ್ತು, ನಗೆ ಮಾತ್ರ ಹೊರಬಂದಿರಲಿಲ್ಲ. ನಾನು ಮುಂದೆ ಹೋಗಿ ಥ್ಯಾಕ್ರೆಯ ಕೈಯಿಂದ ಗ್ಲಾಸು ತೆಗೆದುಕೊಂಡೆ. ಭಾಷಣಕ್ಕೆ ಯಾರೂ ಕರೆದಿರಲಿಲ್ಲ, ಆದರೂ ಮಾಡಿದೆ.

"ಸ್ನೇಹಿತರೇ, ಬಿಯರ್ ಮಾಡೋದು ಅಂದ್ರೆ ಮಗು ಸಾಕಿದ ಹಾಗೆ. ಒಂದು ಕ್ಷಣ ಕಣ್ತಪ್ಪಿಸಬಾರದು. ಮುಚ್ಚಳ ತೆಗೀಬೇಡಿ ಅಂತ ಬರ್ದಿರ್ತಾರೆ, ಅದು ಸೋಮಾರಿಗಳಿಗೆ. ನಾನು ಗಂಟೆಗೊಂದು ಸಲ ತೆಗೆದು ನೋಡಿದೀನಿ. ಕೈಯಾರೆ ಕಲಕಿದೀನಿ. ಬೆಚ್ಚಗೂ ಇಟ್ಟೆ, ತಣ್ಣಗೂ ಇಟ್ಟೆ. ನಿಗಾ, ಸ್ನೇಹಿತರೇ. ಈ ಗ್ಲಾಸಲ್ಲಿರೋದು ಬರೀ ನಿಗಾ." ಎಂದು ಒಂದು ಗುಟುಕು ಕುಡಿದೆ. ಬೇಸಿಗೆಯ ಮಧ್ಯಾಹ್ನ ತೊರೆಗೆ ಕಾಲಿಳಿಬಿಟ್ಟಂತಿತ್ತು. ಇಷ್ಟು ಚೆನ್ನಾಗಿ ಮಾಡಿದ್ದೆನೇ ಎಂದು ಇನ್ನೊಂದು ಗುಟುಕು ಕುಡಿದೆ.

ಅಷ್ಟರಲ್ಲಿ ಥ್ಯಾಕ್ರೆಗೆ ಕನ್ನಡಕ ಸಿಕ್ಕಿತು. "ಒಂದ್ನಿಮಿಷ," ಎಂದ. "ಮರ್ಗಟ್ರಾಯ್ಡ್, ಎನಿಡ್, ಶ್ರೀಮತಿ."

ಎನಿಡ್ ಜಾಮಿನ ಮೇಜಿನ ಬಳಿ ಆಗ್ನೆಸ್ ಪಕ್ಕದಲ್ಲಿ, ಕೈಚೀಲ ಹಿಡಿದು ನಿಂತಿದ್ದಳು. ಟೋಪಿ ಸರಿಮಾಡಿಕೊಂಡು ಮುಂದೆ ಬಂದು, ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡಳು.

"ಇವರದ್ದೂ ಒಂದಿರಬೇಕಲ್ಲ?" ಎಂದು ಸೆಡ್ರಿಕ್ ಬಹಳ ವಿನಯದಿಂದ ಕೇಳಿದ.

ಇತ್ತು. ಮೇಜಿನ ತುದಿಯಲ್ಲಿ, ಉಳಿದವುಗಳಿಂದ ಕೊಂಚ ದೂರ ಸರಿಸಿಟ್ಟಿದ್ದರು. ಕಾರ್ಡಿನ ಮೇಲೆ ಥ್ಯಾಕ್ರೆಯ ಅಕ್ಷರದಲ್ಲಿ ಹೀಗಿತ್ತು: 'ಒಳ್ಳೆಯ ವಿನೆಗರ್. ಮೀನು ಚಿಪ್ಸ್ ಜೊತೆ ಪ್ರಯತ್ನಿಸಿ.' ನನ್ನ ಬಿಯರಿಗೆ ನಾನೇ ಹುಳಿ ಹಿಂಡಿದ್ದೆ.

ಮನೆಗೆ ನಡೆದು ಬರುವಾಗ ಅವಳ ಕೋಟಿನ ಮೇಲೆ ಬಹುಮಾನದ ಕೆಂಪು ರಿಬ್ಬನ್ ಹಾರಾಡುತ್ತಿತ್ತು. ಬಾಗಿಲು ತೆರೆದ ಮೇಲೆ ಕೇಳಿದೆ.

"ಎಲ್ಲಿ ಮಾಡಿದೆ?"

"ಆಗ್ನೆಸ್ ಮನೆ ಬೀರುನಲ್ಲಿ. ನೀನು ಕಪ್ಪು ಬೀಳಿಸಿದ ದಿನ ಅದೇ ಅಂಗಡಿಗೆ ಹೋಗಿ ಇನ್ನೊಂದು ಡಬ್ಬಿ ತಂದೆ."

"ಗುಟ್ಟೇನು?"

"ಚೀಟಿಯಲ್ಲಿ ಬರ್ದಿದ್ದ ಹಾಗೆ ಮಾಡಿದೆ. ಮುಚ್ಚಳ ಹಾಕಿದೆ. ಮರ್ತೆ. ಬಾಟ್ಲಿಗೆ ತುಂಬೋ ದಿನ ಆಗ್ನೆಸ್ ನೆನಪು ಮಾಡಿದ್ಲು."

"ನನಗೆ ಮೊದಲೇ ಹೇಳಬಹುದಿತ್ತಲ್ಲ ಎನಿಡ್. ಅಷ್ಟು ಜನರ ಮುಂದೆ ಭಾಷಣ ಮಾಡ್ಬಿಟ್ನಲ್ಲ."

"ಹೇಳಿದ್ರೆ ನೀನು ಬಂದು ಮುಚ್ಚಳ ತೆಗೀತಿದ್ದೆ. ಭಾಷಣ ಮಾಡ್ತೀಯ ಅಂತ ನನಗೇನು ಗೊತ್ತು." ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ನಾನೂ ಒಂದು ಸಲ ಏನಾದ್ರೂ ಗೆಲ್ಬೇಕು ಅನ್ನಿಸ್ತು ಕಣೋ. ಮೂವತ್ತು ವರ್ಷ ಜಾಮ್ ಇಟ್ಟಿದೀನಿ, ಒಂದು ಮೂರನೇ ಬಹುಮಾನಾನೂ ಬರ್ಲಿಲ್ಲ."

ಎರಡು ಗ್ಲಾಸು ತಂದೆ. ಗೆದ್ದ ಬಿಯರನ್ನು ಅವಳು ಸುರಿದಳು. ಹಿತ್ತಲ ಮೆಟ್ಟಿಲ ಮೇಲೆ ಕೂತು ಕುಡಿದೆವು. ನಿವೃತ್ತಿಯಾದ ಮೇಲೆ ಮೊದಲ ಸಲ ಕಾಲು ಗಂಟೆ ಒಂದೇ ಕಡೆ ಕೂತಿದ್ದೆ.

ಹದಿನಾರನೆಯ ನಿಮಿಷಕ್ಕೆ ಕೇಳಿದೆ, "ಮುಂದಿನದು ಯಾವಾಗ ಹಾಕ್ತೀಯ?"

"ಆಗ್ಲೇ ಹಾಕಾಯ್ತಲ್ಲ."

"ಎಲ್ಲಿ? ಆಗ್ನೆಸ್ ಮನೇಲಾ?"

"ಅಲ್ಲಿಲ್ಲ. ಈ ಮನೇಲೇ ಇದೆ," ಎಂದು ಗ್ಲಾಸು ತೊಳೆಯಲು ಎದ್ದು ಹೋದಳು.

ಸೋಮವಾರ ಬೆಳಗ್ಗೆ ಶೋಧನೆ ಆರಂಭಿಸಿದೆ. ಮುಚ್ಚಳ ತೆಗೆಯುವ ಉದ್ದೇಶ ಖಂಡಿತ ಇರಲಿಲ್ಲ, ಇರುವ ಜಾಗ ತಿಳಿದರೆ ಸಾಕಿತ್ತು. ಅಟ್ಟದಲ್ಲಿ ಹುಡುಕಿದೆ. ಹುಡುಕಬೇಕೆಂದರೆ ಸಾಮಾನು ಇಳಿಸಬೇಕು, ಇಳಿಸಿದ ಮೇಲೆ ಕಸ ಗುಡಿಸಬೇಕು. ನೆಲಮಾಳಿಗೆಯ ಇದ್ದಿಲ ರಾಶಿಯನ್ನು ಈ ಗೋಡೆಯಿಂದ ಆ ಗೋಡೆಗೆ ಎತ್ತಿಹಾಕಿದೆ. ಹಿತ್ತಲ ಶೆಡ್ಡಿನಿಂದ ತುಕ್ಕು ಹಿಡಿದ ಎರಡು ಸೈಕಲ್, ಮುರಿದ ಮಂಚ, ಒಂದು ಗಾಡಿ ತುಂಬ ಹಳೆಯ ಪೇಪರು ಹೊರಬಂದವು. ಮೆಟ್ಟಿಲ ಕೆಳಗಿನ ಗೂಡಿಗೆ ಸುಣ್ಣವನ್ನೂ ಬಳಿದೆ, ಗೋಡೆಯ ಹಿಂದೆ ಟೊಳ್ಳಿದೆಯೇ ಎಂದು ತಟ್ಟಿ ನೋಡುವಾಗ ಗಾರೆ ಉದುರಿತ್ತು. ಹತ್ತು ದಿನ ಕಳೆಯಿತು. ಎನಿಡ್ ಆಗಾಗ ಬಂದು, "ಆ ಮೂಲೆ ನೋಡಿದ್ಯಾ?" ಎಂದು ಕೇಳಿ, ಚಹಾ ಕೊಟ್ಟು ಹೋಗುತ್ತಿದ್ದಳು. ಇಷ್ಟು ಪ್ರೀತಿಯಿಂದ ಅವಳು ಚಹಾ ಕೊಟ್ಟು ವರ್ಷಗಳೇ ಆಗಿದ್ದವು.

ಹನ್ನೊಂದನೆಯ ದಿನ, ನಾನು ಚಾವಣಿಯ ನೀರಿನ ತೊಟ್ಟಿ ತೊಳೆಯುತ್ತಿದ್ದಾಗ, ಆಗ್ನೆಸ್ ಕೆಳಗೆ ಅಂಗಳದಲ್ಲಿ ನಿಂತು ಮೇಲೆ ನೋಡಿದಳು.

"ಎಷ್ಟು ಚೊಕ್ಕ ಮಾಡಿದೀರ ಮನೇನ," ಎಂದಳು. "ಎನಿಡ್ ಅದೃಷ್ಟವಂತೆ. ನಮ್ಮನೆ ಅಟ್ಟಾನೂ ಹಾಗೇ ಬಿದ್ದಿದೆ. ಒಂದು ಬಕೆಟ್ ಬಚ್ಚಿಟ್ಟಿದೀನಿ ಅಂತ ಹೇಳಿದ್ರೆ ಸಾಕು, ಬಂದು ಎಲ್ಲ ಇಳಿಸ್ತಾರೆ ಅಂದ್ಲು. ನಿಜವಾಗಿ ಇಡಬೇಕಾ, ಇಲ್ಲಾ ನಮ್ಮ ಎನಿಡ್ ಥರ ಬರೀ ಹೇಳಿದ್ರೂ ಆಗತ್ತಾ?"