ಸಿಡಿಲಿಗೂ ಪ್ರಿಂಟರಿಗೂ ನಡುವೆ ನಾನು

ಹೆದರಿಕೆಯಲ್ಲಿ ನಾನಾ ಬಗೆ. ಕೆಲವರಿಗೆ ಹಾವು, ಕೆಲವರಿಗೆ ಕತ್ತಲೆ, ಕೆಲವರಿಗೆ ಅತ್ತೆ. ನನಗೆ ಗುಡುಗು. ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ, ನಲವತ್ತು ದಾಟಿದ ಮೇಲೂ ಗುಡುಗಿದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಬೇರೆ ಊರುಗಳಲ್ಲಿ ಗುಡುಗಿದರೆ ಜನ ಒಣಗಿಸಿದ ಬಟ್ಟೆ ಎತ್ತಲು ಓಡುತ್ತಾರಂತೆ. ನಮ್ಮ ಸಿದ್ದಾಪುರದ ಕಡೆ ಪ್ಲಗ್ ಕೀಳಲು ಓಡುತ್ತೇವೆ. ಟೀವಿ, ಫ್ರಿಜ್ಜು, ಮೋಡೆಮ್ಮು ಎಲ್ಲವನ್ನೂ ಕಿತ್ತು, ವಯರುಗಳನ್ನು ಗೋಡೆಯಿಂದ ಮಾರು ದೂರ ಎಳೆದಿಟ್ಟು, ಆಮೇಲೆ ಉಸಿರು ಬಿಡುವುದು. ಒಮ್ಮೆ ಪಕ್ಕದ ಮನೆಗೆ ಗ್ಯಾಸ್ ಸಿಲಿಂಡರ್ ಇಳಿಸಿದ ಸದ್ದಿಗೇ ನಾನು ಫ್ರಿಜ್ಜಿನ ಪ್ಲಗ್ ಕಿತ್ತಿದ್ದೆ. ಮಾರನೆಯ ದಿನ ಒಡೆದ ಹಾಲನ್ನು ನನ್ನ ಹೆಂಡತಿ ನನ್ನ ಮುಂದೆ ತಂದಿಟ್ಟಳು. ಗುಡುಗಿದಾಗ ಸಿಡಿಲು ಬಡಿಯದಿರಲೆಂದು ಹೇಳಿಕೊಳ್ಳಬೇಕಾದ ಹತ್ತು ಹೆಸರುಗಳನ್ನು ಅಜ್ಜಿ ಕಲಿಸಿದ್ದಳು, ನಿಜ. ಆದರೆ ಗುಡುಗಿದ ಹೊತ್ತಿಗೆ ನಾಲ್ಕರ ಮೇಲೆ ನೆನಪಾಗುವುದಿಲ್ಲ. ಆ ನಾಲ್ಕನ್ನೇ ತಿರುಗಾ ಮುರುಗಾ ಹೇಳುತ್ತೇನೆ.

ಇಂಥ ನಾನು ಕೆಲಸ ಮಾಡುವುದು ಊರಿನ ಸಹಕಾರಿ ಸಂಘದಲ್ಲಿ. ಅಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು, ನಾಲ್ಕು ಪ್ರಿಂಟರುಗಳೂ ಇದ್ದವು. ಪ್ರಿಂಟರುಗಳಲ್ಲಿ ಮೂರು ಕಾಗದ ಜಗಿಯುವುದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಎಲ್ಲರಿಗೂ ಸೇರಿ ಒಂದು ದೊಡ್ಡ ಪ್ರಿಂಟರ್ ತರಿಸುವುದೆಂದು ಆಡಳಿತ ಮಂಡಳಿಯವರು ತೀರ್ಮಾನಿಸಿದರು. ನಮ್ಮ ಸೆಕ್ರೆಟರಿ ಹಾನಗಲ್ಲಿನ ಕಡೆಯವರು. "ಭಟ್ರ, ನೀವ ಜೋಡಿಸಿಬಿಡ್ರಿ. ನಿಮಗ ಇದೆಲ್ಲಾ ತಿಳೀತದ" ಎಂದರು. ನನಗೆ ತಿಳಿಯುವುದಿಲ್ಲ ಎನ್ನಲು ಹೆದರಿಕೆಯಾಯಿತು. ಶಿರಸಿಯಲ್ಲಿ ಪ್ರಿಂಟರ್ ಮಾರಿದವನು ಫೋನಿನಲ್ಲಿ ಹೇಳುತ್ತಾ ಹೋದ, ನಾನು ಮಾಡುತ್ತಾ ಹೋದೆ. ಪ್ರಿಂಟರನ್ನು ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಅಲ್ಲಿಂದ ಉಳಿದ ಮೂರಕ್ಕೂ ನೀಲಿ ಕೇಬಲ್ ಎಳೆಸಿದೆ. ಶೇರಿಂಗ್ ಎಂಬುದನ್ನು ಆನ್ ಮಾಡಿದೆ. ಗೋಡೆಯಾಚೆಯ ಕೋಣೆಯಲ್ಲಿ ಕೂರುವ ವಿನೋದಾ ಕಳಿಸಿದ ಹಾಳೆ ನನ್ನ ಮೇಜಿನ ಪಕ್ಕದಲ್ಲಿ ಬೆಚ್ಚಗೆ ಬಂದು ಬಿದ್ದಾಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ನನ್ನ ಕಂಪ್ಯೂಟರ್ ಚಾಲೂ ಇದ್ದರೆ ಮಾತ್ರ ಇಡೀ ಆಫೀಸಿಗೆ ಪ್ರಿಂಟು. ಒಮ್ಮೆ ತಟ್ಟನೆ ಅದು ಆರಿಹೋದಾಗ ಉಳಿದ ಮೂರಕ್ಕೂ ಪ್ರಿಂಟರಿನ ಪರಿಚಯವೇ ಮರೆತುಹೋಗಿ, ಮತ್ತೆ ನೆನಪು ಮಾಡಿಸಲು ನನಗೆ ಒಂದು ಇಡೀ ದಿನ ಹಿಡಿಯಿತು. ಇನ್ನೊಂದು ಹೆದರಿಕೆ ಇದಕ್ಕಿಂತ ದೊಡ್ಡದು. ಮೊದಲೆಲ್ಲ ಸಿಡಿಲು ಬಡಿದರೆ ಒಂದು ಕಂಪ್ಯೂಟರ್ ಹೋಗುತ್ತಿತ್ತು. ಈಗ ಕೇಬಲ್ ಎಳೆಸಿ ನಾಲ್ಕಕ್ಕೂ ನಾನೇ ಸಿಡಿಲಿಗೆ ದಾರಿ ಮಾಡಿಕೊಟ್ಟಿದ್ದೆ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ.

ಬೆಳೆ ವಿಮೆಯ ಕಡೆಯ ದಿನ ಬಂತು. ಅರ್ಜಿ ತುಂಬಿ, ಪ್ರಿಂಟು ತೆಗೆದು, ರೈತರ ಸಹಿ ಹಾಕಿಸಿ ಮತ್ತೆ ಕಂಪ್ಯೂಟರಿಗೆ ಏರಿಸಬೇಕು. ಐದು ಗಂಟೆಗೆ ವೆಬ್‌ಸೈಟು ಬಾಗಿಲು ಹಾಕುತ್ತದೆ. ಬೆಂಚಿನ ತುಂಬ ಜನ. ಕೊನೆಯಲ್ಲಿ ಮನ್ಮನೆ ಹಳ್ಳಿಯ ಗಂಗಕ್ಕ. ಗಂಡ ತೀರಿಕೊಂಡ ಮೇಲೆ ಅಡಿಕೆ ತೋಟವನ್ನು ಒಬ್ಬಳೇ ನೋಡಿಕೊಳ್ಳುವ ಹೆಂಗಸು. ನಾಲ್ಕು ಗಂಟೆ ದಾಟಿದಾಗ ದೂರದಲ್ಲಿ ಗುಡುಗಿತು. ಬೆಂಚಿನವರೆಲ್ಲ ಒಟ್ಟಿಗೆ ನನ್ನ ಮೇಜಿನ ಕೆಳಗಿನ ಪ್ಲಗ್ಗುಗಳತ್ತ ನೋಡಿದರು. ಎಲ್ಲರೂ ನಮ್ಮ ಕಡೆಯವರೇ ತಾನೆ!

"ತಮಾ, ಗುಡುಗ್ತಾ ಇದ್ದು. ಆ ವಯರು ಕಿತ್ತಾಕು. ಮಶೀನು ಸುಟ್ಟೋದ್ರೆ ಎಂತ ಮಾಡದು?" ಎಂದಳು ಗಂಗಕ್ಕ.

"ಹಂಗಾರೆ ನಿನ್ನ ಅರ್ಜಿ ಎಂತಾಗ್ತು ಗಂಗಕ್ಕ?"

"ಹೋದ್ವರ್ಷ ಕೊಳೆ ರೋಗ ಬಂದು ಅರ್ಧ ಬೆಳೆ ಉದ್ರಿ ಹೋತು. ಈ ಸಲ ವಿಮೆನೂ ತಪ್ಪಿದ್ರೆ ಕಷ್ಟ ಇದ್ದು. ಆದ್ರೂ ನಿನ್ನ ಜೀವ ದೊಡ್ಡದು ತಮಾ."

ಒಳಗಿನಿಂದ ಸೆಕ್ರೆಟರಿಯವರು ಕೂಗಿದರು. "ಗುಡುಗಿಗೆ ಇಷ್ಟ್ಯಾಕ ಅಂಜ್ತೀರಿ ಭಟ್ರ? ನಮ್ಮ ಕಡೆ ಗುಡುಗಿದ್ರ ಮಳಿ ಬಂತು ಅಂತ ಖುಷಿ ಪಡ್ತಾರ್ರಿ. ಪ್ರಿಂಟ್ ಕೊಡ್ರಿ!"

ಕೊಟ್ಟೆ. ಒಂದೊಂದು ಹಾಳೆಗೂ ಒಂದೊಂದು ಗುಡುಗು ಹತ್ತಿರವಾಗುತ್ತಾ ಬಂತು. ಕೊನೆಗೆ ಕುರ್ಚಿಯಲ್ಲಿ ಕೂರಲಾಗದೆ ಮೇಜಿನ ಕೆಳಗೆ ನುಸುಳಿ, ಕತ್ತಲಲ್ಲಿ ತಡವಿ ಕಂಪ್ಯೂಟರಿನ ಪ್ಲಗ್ ಹಿಡಿದು ಕೂತೆ. ಕೀಳುವುದಿಲ್ಲ, ಸುಮ್ಮನೆ ಹಿಡಿದುಕೊಂಡಿರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಗಂಗಕ್ಕನದು ಆಗುವವರೆಗೆ ಏನಾದರೂ ಆಗಲಿ, ಕೀಳುವುದಿಲ್ಲ. ಆಚೆಯಿಂದ ವಿನೋದಾ, "ಭಟ್ರೇ, ಗಂಗಕ್ಕಂದು ಕಳಿಸಿದೆ, ಬಂತಾ ನೋಡಿ" ಎಂದಳು. ಅಷ್ಟರಲ್ಲಿ ಕಣ್ಣು ಕೋರೈಸುವ ಬೆಳಕು, ಅದರ ಹಿಂದೆಯೇ ಮಾಡು ಕಿತ್ತುಹೋಗುವಂಥ ಸದ್ದು.

ನಾನು ಪ್ಲಗ್ ಕಿತ್ತುಬಿಟ್ಟೆ.

ಯೋಚಿಸಿ ಕಿತ್ತದ್ದಲ್ಲ ಮಹಾರಾಯರೇ, ಕೈ ತಾನಾಗಿಯೇ ಕಿತ್ತಿತು. ಗಂಗಕ್ಕನ ವಿಮೆ ಹೋಯಿತು ಎಂದು ಆ ಗಳಿಗೆಯಲ್ಲೇ ಗೊತ್ತಾಯಿತು. ಕಣ್ಣು ಮುಚ್ಚಿಕೊಂಡು, ಸಿಡಿಲು ನನ್ನ ಮೇಲೇ ಬಿದ್ದಿದ್ದರೆ ಚೆನ್ನಾಗಿತ್ತು ಅಂದುಕೊಂಡೆ. ಆಗ ತಲೆಯ ಮೇಲೆ ಕರ್ ಕರ್ ಸದ್ದು ಕೇಳಿತು. ಪ್ರಿಂಟರ್ ಓಡುತ್ತಿತ್ತು! ಕಣ್ಣು ಬಿಟ್ಟು ಕೈ ನೋಡಿಕೊಂಡರೆ ಅಲ್ಲಿ ಇದ್ದದ್ದು ತೆಳ್ಳನೆಯ ಬಿಳಿ ವಯರು. ಪಕ್ಕದಲ್ಲೇ ಸಿಕ್ಕಿಸಿದ್ದ ಸೆಕ್ರೆಟರಿಯವರ ಮೊಬೈಲ್ ಚಾರ್ಜರು.

ಮೇಜಿನಡಿಯಿಂದ ಎದ್ದು ಬಂದಾಗ ಗಂಗಕ್ಕ ಹಾಳೆ ಹಿಡಿದು ನಿಂತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು. "ಎಂತಾ ಧೈರ್ಯನೋ ತಮಾ! ಅಷ್ಟ್ ದೊಡ್ಡ ಸಿಡ್ಲು ಬಂದ್ರೂ ನೀ ವಯರು ಕಿತ್ತಿದ್ದಿಲ್ಲೆ" ಎಂದಳು. ಬೆಂಚಿನವರೂ ಹೌದು ಹೌದು ಎಂದರು. ನಿಜ ಹೇಳಲು ಬಾಯಿ ತೆರೆದೆ. ಅದಕ್ಕೂ ಧೈರ್ಯ ಬೇಕಲ್ಲ! ಸುಮ್ಮನೆ ಸಹಿ ಹಾಕುವ ಜಾಗ ತೋರಿಸಿದೆ. ಅರ್ಜಿ ಹೊತ್ತಿಗೆ ಸರಿಯಾಗಿ ಏರಿತು. ಆಮೇಲೆ ಸೆಕ್ರೆಟರಿಯವರು ಬಂದು, "ನನ್ನ ಚಾರ್ಜರ್ ಯಾರ್ರಿ ಕಿತ್ತಿದ್ದು?" ಎಂದರು. "ನಿಮ್ಮ ಮೊಬೈಲು ಸುಟ್ಟು ಹೋಗಬಾರದು ಅಂತ ನಾನೇ ಸರ್" ಎಂದೆ. ಅವರು ನನ್ನ ಬೆನ್ನು ತಟ್ಟಿದರು. "ಇಂಥಾ ಹೊತ್ತಿನ್ಯಾಗೂ ಏನು ಕೀಳಬೇಕು, ಏನು ಬಿಡಬೇಕು ಅನ್ನೋ ಖಬರ್ ಇರೋ ಮನುಷ್ಯಾ ನೋಡ್ರಿ!"

ಅಂದಿನಿಂದ ಗುಡುಗಿದರೆ ನಮ್ಮ ಆಫೀಸಿನಲ್ಲಿ ಯಾರೂ ಪ್ಲಗ್ಗಿಗೆ ಕೈ ಹಾಕುವುದಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಾರೆ. ಭಟ್ಟರು ಕಿತ್ತರೆ ಕೀಳೋಣ, ಭಟ್ಟರು ಕೂತಿದ್ದಾರೆ, ಏನೂ ಆಗುವುದಿಲ್ಲ ಎಂದು ಬೆಂಚಿನವರೂ ನಿಶ್ಚಿಂತೆಯಿಂದ ಕೂತಿರುತ್ತಾರೆ. ನಾನು ಕೈ ಕಟ್ಟಿಕೊಂಡು, ತುಟಿ ಅಲ್ಲಾಡದಂತೆ ಆ ನಾಲ್ಕು ಹೆಸರು ಹೇಳಿಕೊಳ್ಳುತ್ತಾ ಮುಗುಳ್ನಗುತ್ತೇನೆ. ಈಗ ನನಗೆ ಸಿಡಿಲಿಗಿಂತ ಹೆಚ್ಚು ಹೆದರಿಕೆ ಇವರ ನಂಬಿಕೆಯದು. ಅದರ ಪ್ಲಗ್ ಎಲ್ಲಿದೆಯೋ ಗೊತ್ತಿಲ್ಲ.