ಶೇಷಗಿರಿಯ ಮೂರು ಗೆರೆ

ಪಕ್ಕದ ಅಪಾರ್ಟ್‌ಮೆಂಟಿನ ಜವರಮ್ಮ ಕರಿಬೇವು ಕೇಳಿಕೊಂಡು ಬಂದ ಹೊತ್ತಿಗೆ ಸರಿಯಾಗಿ ಶೇಷಗಿರಿ ಸ್ನಾನಕ್ಕೆ ಹೋಗಿದ್ದೇ ಎಲ್ಲಕ್ಕೂ ಮೂಲ.

ಊಟದ ಮೇಜಿನ ಮೇಲೆ ಅವನ ಐಪ್ಯಾಡು ತೆರೆದೇ ಇತ್ತು. ಬೆಳ್ಳನೆಯ ಪರದೆಯಲ್ಲಿ ಮೂರೇ ಮೂರು ಕಪ್ಪು ಗೆರೆ. ಹದಿನೇಳು ದಿನ ಎಳೆದು, ಅಳಿಸಿ, ಕೊನೆಗೆ ಉಳಿಸಿಕೊಂಡದ್ದು ಅಷ್ಟೇ. ಹೆಸರು ‘ವಿರಹ’. ಕಡಲಾಚೆಯ ಸ್ಯಾನ್ ಮಟಿಯೋ ಊರಿನ ಕನ್ನಡ ಬಳಗದ ರಾಜ್ಯೋತ್ಸವ ಪ್ರದರ್ಶನಕ್ಕೆ ಅದು ಆಯ್ಕೆಯಾದರೆ ಅವನಿಗೆ ಕಲಾ ಸಮಿತಿಯಲ್ಲಿ ಜಾಗ. ಇಲ್ಲವಾದರೆ ಈ ವರ್ಷವೂ ಜವರಮ್ಮನ ಪಕ್ಕದಲ್ಲಿ ಕೂತು ನಾನೂರು ಜನರ ಅಡುಗೆಗೆ ಈರುಳ್ಳಿ ಹೆಚ್ಚಬೇಕು. ಕಳೆದ ಮೂರು ವರ್ಷ ಹೆಚ್ಚಿ ಹೆಚ್ಚಿ ಅವನಿಗೆ ಸಾಕುಬೇಕಾಗಿತ್ತು.

ಪರದೆ ಕಂಡ ಜವರಮ್ಮ ಎದೆ ಮೇಲೆ ಕೈಯಿಟ್ಟುಕೊಂಡರು.

“ಅಯ್ಯೋ ರಮಾ, ಯಾರವ್ವಾ ರಂಗೋಲಿನ ಅರ್ಧಕ್ಕೇ ಬುಟ್ಟೋರು? ಗೆರೆ ಕೂಡುಸ್ದೆ ಬುಟ್ರೆ ಮನೆಗೆ ಒಳ್ಳೇದಲ್ಲ ಕಣವ್ವಾ! ನಾನೇ ಮುಗುಸ್ಲಾ?”

ಶೇಷಗಿರಿಯ ಹೆಂಡತಿ ರಮಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದಳು. ಏನೂ ಕೇಳಿಸದಿದ್ದರೂ ನಕ್ಕು ತಲೆಯಾಡಿಸಿದಳು. ಅಷ್ಟೇ ಸಾಕಾಯಿತು. ಜವರಮ್ಮನ ಬೆರಳು ಪರದೆಯ ಮೇಲೆ ಸರಸರ ಓಡಿತು. ಗೆರೆಗಳೆಲ್ಲ ಒಂದಕ್ಕೊಂದು ಕೂಡಿದವು, ನಡುವೆ ಚುಕ್ಕಿ ಬಂತು, ಸುತ್ತ ಕಮಲ ಅರಳಿತು. ಪುಣ್ಯಾತ್ಗಿತ್ತಿ ತೃಪ್ತಿಯಿಂದ ಕರಿಬೇವು ಹಿಡಿದು ಹೊರಟರು.

ರಮಾಳ ಮೀಟಿಂಗು ಮುಗಿಯುವುದಕ್ಕೂ ಬಚ್ಚಲಿನಿಂದ ಕೂಗು ಬರುವುದಕ್ಕೂ ಸರಿಹೋಯಿತು. “ರಮಾ, ಹನ್ನೆರಡಕ್ಕೆ ಲಾಸ್ಟು! ಐಪ್ಯಾಡಲ್ಲಿ ಸೆಂಡ್ ಒತ್ತಿಬಿಡೇ!”

ಒತ್ತಿದಳು.

ಟವೆಲ್ ಸುತ್ತಿಕೊಂಡು ಬಂದ ಶೇಷಗಿರಿ ಪರದೆ ನೋಡಿ ಐಪ್ಯಾಡು ಎತ್ತಿ ಹಿಡಿದು ಕೂಗಿದ. “ನನ್ನ ವಿರಹಕ್ಕೆ ಯಾರೇ ಮದುವೆ ಮಾಡಿಸಿದ್ದು?”

“ಕರಿಬೇವಿಗೆ ಅಂತ ಜವರಮ್ಮ ಬಂದಿದ್ರು, ಅಷ್ಟೇ,” ಎಂದಳು ರಮಾ.

ಸಂಜೆ ಬಳಗದ ಕಾರ್ಯದರ್ಶಿ ದೇವೇಂದ್ರಪ್ಪನವರ ಫೋನು ಬಂತು. “ಶೇಷಗಿರಿಯವ್ರೇ, ನಿಮ್ಮ ಚಿತ್ರ...”

ಇವನು ಪೂರ್ತಿ ಕೇಳಲೇ ಇಲ್ಲ. “ಸಾರ್, ಅದು ನಂದಲ್ಲ! ದೇವ್ರಾಣೆಗೂ ಅಲ್ಲ! ಪಕ್ಕದ್ಮನೆ ಜವರಮ್ಮನವ್ರದ್ದು. ದಯವಿಟ್ಟು ತೆಗೆದುಹಾಕಿ!”

“ಎಂಥಾ ದೊಡ್ಡ ಮನಸ್ಸು ರೀ ನಿಮ್ದು! ಜಡ್ಜುಗಳೆಲ್ಲ ಒಂದೇ ಮಾತಲ್ಲಿ ಫಸ್ಟ್ ಅಂದ್ರು. ಕಲಾ ಸಮಿತಿ ಲಿಸ್ಟಲ್ಲಿ ನಿಮ್ಮ ಹೆಸರೇ ಟೈಪ್ ಮಾಡ್ತಾ ಇದ್ದೆ. ಇರಿ, ಅಳಿಸಿ ಅವ್ರದ್ದು ಹಾಕ್ತೀನಿ.”

“ಸಾರ್... ಅಂದ್ರೆ... ಮೊದಲ ಮೂರು ಗೆರೆ...”

“ಅಂದ್ಹಾಗೆ, ಈರುಳ್ಳಿಗೆ ಅವ್ರ ಜಾಗ ಖಾಲಿ ಆಯ್ತಲ್ಲ, ಅವ್ರ ಪಾಲೂ ನೀವೇ ನೋಡ್ಕೊಂಬಿಡಿ.”

ಶನಿವಾರ ಸ್ಯಾನ್ ಮಟಿಯೋದ ಸಭಾಂಗಣದ ಅಡುಗೆಮನೆಯಲ್ಲಿ ಶೇಷಗಿರಿ ಎರಡು ಮೂಟೆಗಳ ನಡುವೆ ಕೂತು ಕಣ್ಣೀರು ಸುರಿಸುತ್ತಿದ್ದ. ರೇಷ್ಮೆ ಸೀರೆಗೆ ಕಲಾ ಸಮಿತಿಯ ಬ್ಯಾಡ್ಜು ಚುಚ್ಚಿಕೊಂಡ ಜವರಮ್ಮ ಬಾಗಿಲಲ್ಲಿ ನಿಂತು ಅಕ್ಕರೆಯಿಂದ ನೋಡಿದರು.

“ಎಳೆ ಎಳೆಯಾಗಿ ಹೆಚ್ಚಪ್ಪಾ. ಗೆರೆ ಎಳೆಯಾದು ನಿಂಗೆ ಚೆಂದಾಗಿ ಬತ್ತದೆ. ಕೂಡ್ಸೋದು ಒಂದು ಕಲ್ತ್ಕೊಂಡ್ರೆ ಮುಂದ್ಲೊರ್ಸ ನಿನ್ನೂ ಸಮಿತಿಗೆ ಸೇರುಸ್ಕೋತೀನಿ.”