ಪರಮಶಿವಪ್ಪ ಮೇಷ್ಟ್ರ 'ಟಪ್'

ಡಬ್ಬಿಯನ್ನು ಬೋರಲು ಹಾಕಿ ತಟ್ಟಿದರೂ ಸತುವಿನ ಒಂದು ಚೂರೂ ಉದುರಲಿಲ್ಲ. ಶಿರಾಳಕೊಪ್ಪದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಪರಮಶಿವಪ್ಪನವರು ಡಬ್ಬಿಯೊಳಗೆ ಕಣ್ಣಿಟ್ಟು ನೋಡಿದರು. ಶಿಕಾರಿಪುರದಿಂದ ಶಿಕ್ಷಣ ಇಲಾಖೆಯ ಸಾಹೇಬರು ಹನ್ನೊಂದಕ್ಕೆ ಪಾಠ ನೋಡಲು ಬರುವವರಿದ್ದರು. ಸತುವನ್ನು ನೀರು ಬೆರೆಸಿದ ಆಮ್ಲಕ್ಕೆ ಹಾಕಿ, ಹೊಮ್ಮುವ ಹೈಡ್ರೋಜನ್ನಿಗೆ ಉರಿಯುವ ಕಡ್ಡಿ ಹಿಡಿದು 'ಟಪ್' ಅನ್ನಿಸುವುದರಲ್ಲಿ ಇಪ್ಪತ್ತು ವರ್ಷದಿಂದ ಒಮ್ಮೆಯೂ ಸೋತವರಲ್ಲ ಅವರು.

ಸುದ್ದಿ ಸ್ಟಾಫ್‌ರೂಮಿಗೆ ಮುಟ್ಟಿದ್ದೇ ತಡ, ಸಲಹೆಗಳು ಸಂತೆಯ ಸೊಪ್ಪಿನಂತೆ ರಾಶಿ ಬಿದ್ದವು.

"ಲೋಹ ತಾನೆ ಸಾರ್? ತಾಮ್ರ ಹಾಕ್ರಿ," ಹಿಂದಿ ಟೀಚರ್ ಸಬ್ರೀನ್ ವೈರಿನ ತುಂಡು ಚಾಚಿದರು.

"ಮೇಡಂ, ಈ ಆಸಿಡ್ಡಿಗೆಲ್ಲ ತಾಮ್ರ ಜಗ್ಗಲ್ಲ."

"ಹಾಕಿ ನೋಡ್ರೀ!"

ಹಾಕಿದರು. ತಾಮ್ರ ಕೆರೆಯಲ್ಲಿ ಮಲಗಿದ ಎಮ್ಮೆಯಂತೆ ಅಲುಗದೆ ಬಿದ್ದುಕೊಂಡಿತು.

ಡ್ರಿಲ್ ಮಾಸ್ಟರ್ ಮಾಲತೇಶ್ ಬೆಂಚಿನ ಮೊಳೆಯನ್ನೇ ಕಿತ್ತು ತಂದರು. ಬೆಂಚು ಕುಂಟಾಯಿತು. ಕಬ್ಬಿಣ ಗುಳ್ಳೆಯೇನೋ ಬಿಟ್ಟಿತು, ಬಿಟ್ಟೂ ಬಿಡದಂತೆ, ಒಂದೊಂದೇ.

"ಇದು ಟಪ್ ಅನ್ನೋ ಹೊತ್ತಿಗೆ ಸಾಹೇಬ್ರು ರಿಟೈರ್ ಆಗಿರ್ತಾರೆ ಕಣ್ರೀ!" ಮೇಷ್ಟ್ರು ರೇಗಿದರು.

ಹೊರಗೆ ಜೀಪಿನ ಸದ್ದು. ಅದೇ ಗಳಿಗೆಗೆ ಮೇಷ್ಟ್ರ ಕಣ್ಣು ಗೋಡೆಯ ಗಡಿಯಾರದ ಮೇಲೆ ಬಿತ್ತು. ಅಗ್ಗದ ಸೆಲ್ಲಿನ ಒಳಕವಚ ಸತುವಿನದೇ ಅಲ್ಲವೆ! ಸ್ಟೂಲು ಹತ್ತಿ ಸೆಲ್ ಕಿತ್ತರು, ಸೀಳಿದರು, ಮಸಿ ತೊಳೆದರು. ಬಿಳಿ ಅಂಗಿ ಇದ್ದಿಲ ಮೂಟೆಯಂತಾಯಿತು.

"ಅಯ್ಯೋ, ಊಟದ ಬೆಲ್ ಹೆಂಗ್ ಹೊಡಿಯೋದು ಸಾರ್?" ಮಾಲತೇಶ್ ಕೂಗುತ್ತಲೇ ಇದ್ದರು.

ತರಗತಿಯಲ್ಲಿ ಸತು ಬಿದ್ದದ್ದೇ ಪ್ರನಾಳ ಬುಸುಬುಸು ಎಂದಿತು. ಮೇಷ್ಟ್ರು ಅದರ ಬಾಯಿಗೆ ಉರಿಯುವ ಕಡ್ಡಿ ಒಯ್ದರು.

ಟಪ್!

ಮಕ್ಕಳ ಚಪ್ಪಾಳೆಗೆ ಹೆಂಚು ನಡುಗಿತು. ಸಾಹೇಬರಾದ ಮಹೇಶ್ವರಪ್ಪನವರು ಎದ್ದೇ ನಿಂತರು. "ಸತು ಎಲ್ಲಿಂದ ತಂದ್ರಿ?"

"ಹಳೇ ಸೆಲ್ಲಿಂದ ಸರ್. ಲ್ಯಾಬಲ್ಲಿ ಏನೇನೂ ಇಲ್ಲ," ಮೇಷ್ಟ್ರು ಎದೆಯುಬ್ಬಿಸಿದರು.

"ಏನೂ ಇಲ್ದೆ ಇಷ್ಟು! ಶಹಬ್ಬಾಸ್! ಇಡೀ ತಾಲ್ಲೂಕಿಗೇ ಮಾದರಿ ಕಣ್ರೀ ನೀವು." ಮಸಿಗೈಯನ್ನೇ ಹಿಡಿದು ಕುಲುಕಿದರು. ಮೇಷ್ಟ್ರಿಗೆ ಭೂಮಿ ಮೇಲೆ ಕಾಲೇ ನಿಲ್ಲಲಿಲ್ಲ.

ಸಾಹೇಬರು ಕಿಟಕಿಯಿಂದ ಡ್ರೈವರಿಗೆ ಕೂಗಿ ಹೇಳಿದರು: "ಅಫ್ಜಲ್, ಆ ಹೊಸ ಲ್ಯಾಬ್ ಸಾಮಾನಿನ ಪೆಟ್ಟಿಗೆ ಇಳಿಸ್ಬೇಡಪ್ಪ. ಇವರಿಗೆ ಅಂತ ತಂದಿದ್ದೆ, ಇವರಿಗೆ ಅದು ಬೇಕಾಗೇ ಇಲ್ಲ. ಪಕ್ಕದೂರಿನ ಸ್ಕೂಲಿಗೆ ಕೊಟ್ಟುಬಿಡಾಣ." ಆಮೇಲೆ ಮೇಷ್ಟ್ರ ಬೆನ್ನು ತಟ್ಟಿ, "ಭಾನುವಾರ ಹೋಗಿ, ಅದನ್ನ ಬಳಸೋದು ಹೆಂಗೆ ಅಂತ ಅವರಿಗೆ ನೀವೇ ಹೇಳ್ಕೊಡ್ರಿ," ಎಂದರು.

ಜೀಪು ಹೊರಟಿತು. ಮೇಷ್ಟ್ರು ಬಾಗಿಲಲ್ಲಿ ನಿಂತು ಕೈ ಬೀಸುತ್ತಲೇ ಇದ್ದರು. ಉಬ್ಬಿದ ಎದೆಯನ್ನು ಇಳಿಸುವುದು ಹೇಗೆಂದು ಅವರಿಗೇ ತಿಳಿಯಲಿಲ್ಲ.